ದೆವ್ವದ ವಿಷಯ ಎಷ್ಟು ಹೇಳಬೇಕು: ಭಯದ ಕಥೆ ಬರೆಯುವವರಿಗೆ

ಹೊಸಬರು ಬರೆದ ಭಯದ ಕಥೆಗಳನ್ನು ಓದುವಾಗ ನನಗೆ ಪದೇ ಪದೇ ಎದುರಾಗುವ ಒಂದು ಸನ್ನಿವೇಶವಿದೆ. ಮನೆಯವರಲ್ಲಿ ಒಬ್ಬರು ರಾತ್ರಿ ಏನನ್ನೋ ಕಂಡು ಜ್ವರ ಬಂದು ಮಲಗಿರುತ್ತಾರೆ, ಓದುಗ ಉಸಿರು ಬಿಗಿಹಿಡಿದಿರುತ್ತಾನೆ. ಆಗ ಊರಿನ ಹಿರಿಯರೊಬ್ಬರು ಜಗಲಿಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಆ ದೆವ್ವ ಯಾರು, ಹೇಗೆ ಸತ್ತದ್ದು, ಅದಕ್ಕೆ ಯಾರ ಮೇಲೆ ಹಗೆ, ಏನು ಕೊಟ್ಟರೆ ಹೋಗುತ್ತದೆ ಎಂಬುದನ್ನೆಲ್ಲ ಎರಡು ಪುಟಗಳಲ್ಲಿ ಹೇಳಿ ಮುಗಿಸುತ್ತಾರೆ. ಅಲ್ಲಿಂದ ಮುಂದೆ ಕಥೆಯಲ್ಲಿ ಭಯ ಉಳಿಯುವುದಿಲ್ಲ. ದೆವ್ವಕ್ಕೆ ಹೆಸರು, ಕುಲ, ಕಾರಣ ಎಲ್ಲವೂ ಸಿಕ್ಕಿ, ಅದು ನಮ್ಮ ಪರಿಚಯಸ್ಥರಲ್ಲಿ ಒಂದಾಗಿಬಿಟ್ಟಿರುತ್ತದೆ.

ಹಾಗೆಂದು ಏನನ್ನೂ ಹೇಳದೆ ಮಂಜಿನಂತೆ ಬರೆದರೆ ಓದುಗನಿಗೆ ಹೆದರಲು ಹಿಡಿಯೇ ಸಿಗುವುದಿಲ್ಲ. ನಾನು ಪಾಲಿಸುವ ಕ್ರಮ ಇದು: ಅದು ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ಖಚಿತವಾಗಿ ತಿಳಿಸಬೇಕು; ಅದು ಏನು, ಎಲ್ಲಿಂದ ಬಂತು ಎಂಬುದನ್ನು ಸಾಧ್ಯವಾದಷ್ಟೂ ತಡೆಹಿಡಿಯಬೇಕು.

ಇದಕ್ಕೆ ನಮ್ಮಲ್ಲೇ ಹುಟ್ಟಿದ ಒಳ್ಳೆಯ ಉದಾಹರಣೆಯಿದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಕರ್ನಾಟಕದ ಬೇರೆ ಊರುಗಳಲ್ಲೂ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಯಾವುದೋ ಒಂದು ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದವರು ಸಾಯುತ್ತಾರೆ, ಬರಹ ಕಂಡರೆ ಹಿಂದಿರುಗುತ್ತದೆ ಎಂಬುದು ಸುದ್ದಿ. ಅದು ಗಂಡನನ್ನು ಹುಡುಕುವ ಮದುಮಗಳು ಎಂದರು ಕೆಲವರು, ಬರಿಯ ದೆವ್ವ ಎಂದರು ಉಳಿದವರು. ಈ ವಿಷಯದಲ್ಲಿ ಒಮ್ಮತ ಮೂಡದೆಯೂ ಭಯ ಹಬ್ಬಿತು, ಏಕೆಂದರೆ ನಿಯಮ ಎಲ್ಲರಿಗೂ ಸ್ಪಷ್ಟವಾಗಿತ್ತು. ಆ ನಿಯಮವನ್ನು ಹತ್ತಿರದಿಂದ ನೋಡಿ. ಬಾಗಿಲ ಮೇಲೆ ‘ಬರಬೇಡ’ ಎಂದು ಬರೆದಿಲ್ಲ. ಸಾಲ ಕೇಳಲು ಬಂದವನಿಗೆ ಹೇಳುವ ಮಾತನ್ನೇ ಅದಕ್ಕೂ ಹೇಳಲಾಗಿದೆ. ಆದ್ದರಿಂದ ಅದು ಓದುತ್ತದೆ, ಒಪ್ಪುತ್ತದೆ, ಮರುದಿನ ಮತ್ತೆ ಬರುತ್ತದೆ. ರಕ್ಷಣೆಯೆಂಬುದು ಒಂದು ರಾತ್ರಿಯ ಗಡುವು ಮಾತ್ರ. ಮಳೆಗೆ ಅಕ್ಷರ ಅಳಿಸಿಹೋದರೆ ಮುಗಿಯಿತು. ಎರಡೇ ಪದಗಳ ಈ ನಿಯಮ ಯಾವ ಪೂರ್ವಕಥೆಯೂ ಕೊಡಲಾರದಷ್ಟು ಭಯವನ್ನು ಕೊಡುತ್ತದೆ.

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ದಲ್ಲೂ ಇದೇ ಹದವಿದೆ. ರಕ್ತ ಹೀರುವ ಡ್ರಾಕುಲಾ ಕರೆಯದೆ ಮನೆಯೊಳಗೆ ಬರಲಾರ, ಕನ್ನಡಿಯಲ್ಲಿ ಕಾಣಲಾರ ಎಂಬಂಥ ನಿಯಮಗಳು ಒಂದೊಂದಾಗಿ ತಿಳಿಯುತ್ತವೆ. ಅವನು ಹೀಗಾದದ್ದು ಹೇಗೆ ಎಂಬುದಕ್ಕೆ ಸಿಗುವುದು ಒಂದೆರಡು ಸೂಚನೆ ಮಾತ್ರ. ಇಡೀ ಕಾದಂಬರಿ ಇತರರ ದಿನಚರಿ, ಪತ್ರಗಳಲ್ಲೇ ಸಾಗುವುದರಿಂದ ಅವನ ಮನಸ್ಸಿನೊಳಗೆ ನಮಗೆ ಪ್ರವೇಶವೇ ಇಲ್ಲ.

ಈಗ ಕೆಲಸದ ವಿಷಯಕ್ಕೆ ಬರೋಣ. ಮನೆಯ ಹಿತ್ತಲಿನ ಬಾವಿಯಲ್ಲಿ ಏನೋ ಇದೆ ಎಂಬ ಕಥೆ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮೊದಲ ಕರಡಿನಲ್ಲಿ ಅತ್ತೆ ಸೊಸೆಯನ್ನು ಕೂರಿಸಿಕೊಂಡು, “ಈ ಬಾವಿಗೆ ಬಿದ್ದು ಸತ್ತವಳು ನಮ್ಮ ಮನೆಯ ಹಿಂದಿನ ಸೊಸೆ, ಅವಳೇ ಹಗ್ಗ ಹಿಡಿದು ಮೇಲೆ ಬರುತ್ತಾಳೆ” ಎನ್ನುತ್ತಾಳೆ. ಇದರಲ್ಲಿ ಮೂಲವೂ ನಿಯಮವೂ ಒಟ್ಟಿಗೆ ಖರ್ಚಾಗಿಹೋದವು. ಅದರ ಬದಲು ಮೊದಲ ಸಂಜೆಯೇ ಅತ್ತೆ ರಾಟೆಯಿಂದ ಹಗ್ಗ ಬಿಚ್ಚಿ, ಸುತ್ತಿ, ಅಡುಗೆಮನೆಯ ಗೂಟಕ್ಕೆ ತೂಗುಹಾಕಲಿ. “ಹಗ್ಗ ಹೊರಗೆ ಬಿಡಬೇಡವೇ, ದೀಪ ಹಚ್ಚೋ ಮೊದಲು ಒಳಗೆ ತಾ” ಎಂದಷ್ಟೇ ಹೇಳಲಿ. ಸೊಸೆ ಇದನ್ನು ಮಳೆಗೆ ಹಗ್ಗ ಹಾಳಾಗದಿರಲೆಂದು ಮಾಡುವ ಕ್ರಮವೆಂದುಕೊಳ್ಳುತ್ತಾಳೆ, ಓದುಗನೂ ಹಾಗೆಯೇ ತಿಳಿಯುತ್ತಾನೆ. ಹತ್ತು ಪುಟಗಳ ನಂತರ, ಅತ್ತೆ ಊರಿಗೆ ಹೋಗಿದ್ದ ಒಂದು ರಾತ್ರಿ, ಹಗ್ಗ ಹೊರಗೇ ಉಳಿಯುತ್ತದೆ. ಬೆಳಿಗ್ಗೆ ಕೊಡ ಒಣಗಿದೆ, ಆದರೆ ಹಗ್ಗದ ಮೇಲಿನ ತುದಿ, ರಾಟೆಯ ಹತ್ತಿರದ ಒಂದು ಮೊಳ, ಒದ್ದೆಯಾಗಿದೆ. ನೀರು ಸೇದಿದರೆ ಒದ್ದೆಯಾಗುವುದು ಕೆಳಗಿನ ತುದಿ. ಇದನ್ನು ಬಾವಿಯ ನೀರು ಸೇದಿ ಬಲ್ಲ ಓದುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ, ನೀವೂ ಹೇಳಬೇಡಿ.

ಇಲ್ಲಿ ನಿಯಮ ಮನೆಯ ರೂಢಿಯ ವೇಷದಲ್ಲಿ ಬಂದಿದೆ, ಅದರ ಅರ್ಥ ತಪ್ಪು ನಡೆದ ಮೇಲೆ ತಿಳಿದಿದೆ. ಪಾತ್ರ ಬೆಲೆ ತೆತ್ತು ಕಲಿತದ್ದನ್ನು ಓದುಗ ನಂಬುತ್ತಾನೆ. ಕುಳಿತು ಕೇಳಿಸಿಕೊಂಡದ್ದನ್ನು ಮರೆಯುತ್ತಾನೆ. ರೂಪದ ವರ್ಣನೆಗೂ ಇದೇ ಅಳತೆ ಸಾಕು. ಕಣ್ಣು, ಕೂದಲು, ಹಲ್ಲು, ಉಗುರುಗಳ ಪಟ್ಟಿ ಕೊಡುವುದಕ್ಕಿಂತ ಬಾವಿಕಟ್ಟೆಯ ಕಲ್ಲಿನ ಮೇಲೆ ಐದರ ಬದಲು ನಾಲ್ಕೇ ಬೆರಳುಗಳ ಒದ್ದೆ ಗುರುತು ಇರಲಿ.

ಕನ್ನಡದಲ್ಲಿ ಬರೆಯುವವರು ಹೆಸರಿಡುವಾಗ ವಿಶೇಷ ಎಚ್ಚರ ವಹಿಸಬೇಕು. ‘ಮೋಹಿನಿ’ ಎಂದೊಡನೆ ನಮ್ಮ ಓದುಗನಿಗೆ ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ ಕಣ್ಮುಂದೆ ಬರುತ್ತವೆ. ‘ಬ್ರಹ್ಮರಾಕ್ಷಸ’ ಎಂದರೆ ವಿದ್ಯೆಯಿದ್ದೂ ಕೆಟ್ಟವನೊಬ್ಬನ ಪೂರ್ವಜನ್ಮ ಆ ಪದದಲ್ಲೇ ಅಡಗಿದೆ. ಅಂದರೆ ಹೆಸರು ಹೇಳಿದಿರೆಂದರೆ ಅರ್ಧ ವಿವರಣೆ ಕೊಟ್ಟಾಯಿತು. ನಿಮ್ಮದು ಆ ರೂಢಿಯ ಜೀವಿಯೇ ಆಗಿದ್ದರೆ ಹೆಸರಷ್ಟೇ ಸಾಕು, ಬೇರೆಯದಾಗಿದ್ದರೆ ಯಾವ ಪಾತ್ರದ ಬಾಯಲ್ಲೂ ಹೆಸರು ಬರದಿರಲಿ. ಹಳ್ಳಿಯವರು ಹೇಗೂ ರಾತ್ರಿಯ ಹೊತ್ತು ‘ಅದು’ ಎಂದೇ ಹೇಳುತ್ತಾರೆ.

ಮೂಲವನ್ನು ವಿವರಿಸಲೇಬೇಕಾದ ಕಥೆಗಳೂ ಇವೆ, ಅವನ್ನು ನಾನು ಕೀಳೆಂದು ಭಾವಿಸುವುದಿಲ್ಲ. ಮೇರಿ ಶೆಲ್ಲಿಯ 1818ರ ‘ಫ್ರಾಂಕೆನ್‌ಸ್ಟೈನ್’ನಲ್ಲಿ ವಿಕ್ಟರ್ ಎಂಬವನು ಸೃಷ್ಟಿಸಿದ ಜೀವಿ ತನ್ನ ಬಾಳನ್ನು ತಾನೇ ದೀರ್ಘವಾಗಿ ಹೇಳಿಕೊಳ್ಳುತ್ತದೆ, ಅದನ್ನು ಓದಿದವರಿಗೆ ಭಯಕ್ಕಿಂತ ಮರುಕವೇ ಹೆಚ್ಚಾಗುತ್ತದೆ. ಹಾಗಿದ್ದರೂ ಶವಗಳ ಅಂಗಗಳಿಗೆ ಜೀವ ಕೊಟ್ಟ ವಿಧಾನವನ್ನು ಮಾತ್ರ ವಿಕ್ಟರ್ ಹೇಳಲು ಒಪ್ಪುವುದಿಲ್ಲ. ಓದುಗ ಅಳಬೇಕೋ ಹೆದರಬೇಕೋ ಎಂಬುದನ್ನು ನೀವು ಮೊದಲು ನಿರ್ಧರಿಸಿಕೊಳ್ಳಿ. ಹೆದರಬೇಕೆಂದರೆ ಅದರ ದುಃಖವನ್ನು ಮುಚ್ಚಿಡಿ.

ಮುಚ್ಚಿಡುವುದೆಂದರೆ ನಿಮಗೇ ಗೊತ್ತಿಲ್ಲದಿರುವುದು ಎಂದರ್ಥವಲ್ಲ. ಬಾವಿಯಲ್ಲಿರುವುದು ಏನು, ಅದಕ್ಕೆ ಹಗ್ಗವೇ ಏಕೆ ಬೇಕು ಎಂಬುದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮೂರನೆಯ ಅಧ್ಯಾಯದಲ್ಲಿ ಅದು ಹಗ್ಗವಿಲ್ಲದೆಯೇ ಮೇಲೆ ಬಂದುಬಿಡುತ್ತದೆ, ಓದುಗ ಮೋಸಹೋದೆನೆಂದು ಪುಸ್ತಕ ಮುಚ್ಚುತ್ತಾನೆ. ನಂತರ ಕರಡಿನ ಒಂದೊಂದು ವಿವರಣೆಯ ಎದುರೂ ಈ ಪ್ರಶ್ನೆ ಇಡಿ: ಪಾತ್ರ ತನ್ನ ಮುಂದಿನ ಹೆಜ್ಜೆ ಇಡಲು ಇದು ತಿಳಿದಿರಲೇಬೇಕೆ? ಬೇಕಿದ್ದರೆ ಆ ಹೆಜ್ಜೆಗೆ ಸಾಕಷ್ಟು ಮೊದಲೇ ಹೇಳಿ. ಕೊನೆಗೆ ಉಪ್ಪಿನಿಂದ ದೆವ್ವ ಓಡುವುದಾದರೆ ಉಪ್ಪಿನ ಭರಣಿ ಮೊದಲ ಭಾಗದಲ್ಲೇ ಕಾಣಿಸಿರಬೇಕು. ಬೇಡವಾದರೆ ಆ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಹೊಡೆದುಹಾಕಿ.

ಎಲ್ಲ ಮುಗಿದ ಮೇಲೆ ಬರುವ ವಿವರಣೆಯ ಅಧ್ಯಾಯವನ್ನಂತೂ ಬರೆಯಲೇಬೇಡಿ. ಬಾವಿಯ ಕಥೆಯನ್ನು ನಾನು ಬರೆದರೆ ಕೊನೆಯ ಪುಟದಲ್ಲಿ ಅತ್ತೆ ತೀರಿಕೊಂಡಿರುತ್ತಾಳೆ, ಸೊಸೆಗೆ ಮಗಳಿರುತ್ತಾಳೆ. ಹೊತ್ತು ಇಳಿಯುವಾಗ ಅವಳು ರಾಟೆಯಿಂದ ಹಗ್ಗ ಬಿಚ್ಚಿ, ಮಗಳ ಕೈಗೆ ಕೊಟ್ಟು, ಗೂಟ ಎಲ್ಲಿದೆ ಎಂದು ತೋರಿಸುತ್ತಾಳೆ.