ಅಮೆರಿಕದ ಚುನಾವಣೆಗೆ ದೇಣಿಗೆ: ಯಾರು ಕೊಡಬಹುದು, ಎಷ್ಟು ಕೊಡಬಹುದು, ಯಾರ ಕಣ್ಣಿಗೆ ಬೀಳುತ್ತದೆ

ಅಮೆರಿಕದಲ್ಲಿ ನೀವು ಚುನಾವಣೆಗೆ ಹಣ ಕೊಡಬಹುದೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಪೌರತ್ವ ಮತ್ತು ವೀಸಾ. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಎಷ್ಟು ತೆರಿಗೆ ಕಟ್ಟುತ್ತೀರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದ ಪೌರರು ಕೊಡಬಹುದು, ಗ್ರೀನ್ ಕಾರ್ಡ್ ಇರುವವರೂ ಕೊಡಬಹುದು. ಎಚ್-1ಬಿ, ಎಚ್-4, ಎಲ್-1, ಎಫ್-1ರಂಥ ತಾತ್ಕಾಲಿಕ ವೀಸಾದವರು, ಮಕ್ಕಳ ಮನೆಗೆಂದು ಬಿ-2 ವೀಸಾದಲ್ಲಿ ಬಂದ ಅಪ್ಪ-ಅಮ್ಮ ಒಂದು ಡಾಲರನ್ನೂ ಕೊಡುವಂತಿಲ್ಲ. ಉದ್ಯೋಗದ ಆಧಾರದ ವಲಸೆ ಅರ್ಜಿ ಐ-140 ಮಂಜೂರಾಗಿ ವರ್ಷಗಟ್ಟಲೆ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವರಿಗೂ ಇದೇ ಉತ್ತರ. ನಿಷೇಧ ಅಧ್ಯಕ್ಷ ಮತ್ತು ಕಾಂಗ್ರೆಸ್ ಚುನಾವಣೆಗಷ್ಟೇ ಅಲ್ಲ, ರಾಜ್ಯದ ಶಾಸನಸಭೆ, ಸಿಟಿ ಕೌನ್ಸಿಲ್, ಸ್ಕೂಲ್ ಬೋರ್ಡ್ ಚುನಾವಣೆಗೂ ಇದೆ. ತಾತ್ಕಾಲಿಕ ವೀಸಾದಲ್ಲಿದ್ದ ಇಬ್ಬರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನೇ ಎತ್ತಿಹಿಡಿಯಿತು.

ಇಲ್ಲಿ ಜನ ಎಡವುವುದು ಚೆಕ್ ಬರೆಯುವಾಗ ಅಲ್ಲ, ಟೀ ಶರ್ಟ್ ಕೊಳ್ಳುವಾಗ. ಪ್ರಚಾರ ಸಮಿತಿಯ ಅಂಗಡಿಯಿಂದ ಕೊಂಡ ಶರ್ಟು, ಟೋಪಿ, ನಿಧಿಸಂಗ್ರಹದ ಊಟದ ಟಿಕೆಟ್ಟು, ಇವೆಲ್ಲದರ ಪೂರ್ತಿ ಬೆಲೆಯೂ ಕಾನೂನಿನ ಪ್ರಕಾರ ದೇಣಿಗೆಯೇ. ಎಚ್-1ಬಿಯಲ್ಲಿರುವವರು ಇವನ್ನು ಕೊಳ್ಳಬಾರದು. ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು: ಮನೆ ಮನೆ ಸುತ್ತಬಹುದು, ಫೋನ್ ಮಾಡಬಹುದು, ಕನ್ನಡ ಮಾತನಾಡುವ ಮತದಾರರಿಗೆ ವಿಷಯ ವಿವರಿಸಬಹುದು. ಆದರೆ ಹಣ ಎಲ್ಲಿಂದ ತರಬೇಕು, ಎಲ್ಲಿ ಖರ್ಚು ಮಾಡಬೇಕು ಎಂಬ ತೀರ್ಮಾನಗಳಲ್ಲಿ ಪಾಲ್ಗೊಳ್ಳುವಂತಿಲ್ಲ.

ಗೊತ್ತಿಲ್ಲದೆ ಕೊಟ್ಟಿದ್ದರೆ ಸುಮ್ಮನಿರಬೇಡಿ. ಸಮಿತಿಯ ಖಜಾಂಚಿಗೆ ಇಮೇಲ್ ಬರೆದು, ನಿಮ್ಮ ವೀಸಾ ಸ್ಥಿತಿ ತಿಳಿಸಿ, ಹಣ ವಾಪಸ್ ಕೇಳಿ. ವಿಷಯ ತಿಳಿದ 30 ದಿನದೊಳಗೆ ಅವರು ಹಿಂದಿರುಗಿಸಬೇಕು. ಪತ್ರ, ಉತ್ತರ, ಬ್ಯಾಂಕಿನ ದಾಖಲೆ ಮೂರನ್ನೂ ಜೋಪಾನವಾಗಿಡಿ. ದೇಣಿಗೆ ಪುಟದಲ್ಲಿ ‘ನಾನು ಅಮೆರಿಕದ ಪೌರ ಅಥವಾ ಖಾಯಂ ನಿವಾಸಿ’ ಎಂಬ ಚೌಕಕ್ಕೆ ಗುರುತು ಹಾಕಿದ್ದರೆ ಇಮಿಗ್ರೇಷನ್ ವಕೀಲರಿಗೂ ಹೇಳಿ. ಪೌರತ್ವದ ಬಗ್ಗೆ ಸುಳ್ಳು ಹೇಳಿಕೆ ವಲಸೆ ಕಾನೂನಿನಲ್ಲಿ ಬಹಳ ಗಂಭೀರವಾದ ವಿಷಯ.

ಎಷ್ಟು ಕೊಡಬಹುದು

ಫೆಡರಲ್ ಚುನಾವಣೆಗಳ ಹಣದ ಮೇಲೆ ಕಣ್ಣಿಡುವುದು ಫೆಡರಲ್ ಎಲೆಕ್ಷನ್ ಕಮಿಷನ್, ಅಂದರೆ ಎಫ್‌ಇಸಿ. 2025–26ರ ಅವಧಿಗೆ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್ ಕೊಡಬಹುದು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಒಂದು ಚುನಾವಣೆ, ನವೆಂಬರಿನದು ಇನ್ನೊಂದು, ಹಾಗಾಗಿ ಒಟ್ಟು 7,000. ಪ್ಯಾಕ್ ಎಂದು ಕರೆಯುವ ರಾಜಕೀಯ ಸಮಿತಿಗೆ ವರ್ಷಕ್ಕೆ 5,000, ಪಕ್ಷದ ರಾಷ್ಟ್ರೀಯ ಸಮಿತಿಗೆ ವರ್ಷಕ್ಕೆ 44,300. ಅಭ್ಯರ್ಥಿಯ ಜೊತೆ ಸಮಾಲೋಚಿಸದೆ ಸ್ವತಂತ್ರವಾಗಿ ಖರ್ಚು ಮಾಡುವ ಸೂಪರ್ ಪ್ಯಾಕ್‌ಗೆ 2010ರಿಂದ ಮಿತಿಯೇ ಇಲ್ಲ. ಈ ಯಾವ ಹಣಕ್ಕೂ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ.

ಗಂಡ ಹೆಂಡತಿಗೆ ಬೇರೆ ಬೇರೆ ಮಿತಿ; ಒಬ್ಬರೇ ದುಡಿಯುತ್ತಿದ್ದರೂ ಸರಿ. ಜಂಟಿ ಖಾತೆಯ ಚೆಕ್ಕಿಗೆ ಒಬ್ಬರೇ ಸಹಿ ಹಾಕಿದ್ದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಪೂರ್ತಿ ಮೊತ್ತ ಅವರ ಲೆಕ್ಕಕ್ಕೇ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು ಇನ್ನೂ ವೀಸಾದಲ್ಲಿದ್ದರೆ ಅವರ ಹೆಸರಿಗೆ ಪಾಲು ಹಾಕುವಂತಿಲ್ಲ.

ಕನ್ಸಲ್ಟೆನ್ಸಿ ನಡೆಸುವವರಿಗೆ ಒಂದು ಮಾತು ಒತ್ತಿ ಹೇಳಬೇಕು: ಅಭ್ಯರ್ಥಿಗೆ ಕೊಡುವಾಗ ಕಂಪನಿಯ ಕಾರ್ಡ್ ತೆಗೆಯಬೇಡಿ. ಕಾರ್ಪೊರೇಷನ್ನುಗಳು ಫೆಡರಲ್ ಅಭ್ಯರ್ಥಿಗೆ ನೇರವಾಗಿ ಹಣ ಕೊಡುವುದು ನಿಷಿದ್ಧ. ಕಾರ್ಪೊರೇಷನ್ ಆಗಿ ತೆರಿಗೆ ಕಟ್ಟಲು ಆಯ್ದುಕೊಂಡ ಎಲ್‌ಎಲ್‌ಸಿಗೂ (ಸೀಮಿತ ಹೊಣೆಯ ಕಂಪನಿ) ಇದೇ ನಿಯಮ. ಸ್ವಂತ ಹೆಸರಿನಲ್ಲೇ ಫೆಡರಲ್ ಸರ್ಕಾರದ ಗುತ್ತಿಗೆ ಹಿಡಿದವರು ವೈಯಕ್ತಿಕವಾಗಿಯೂ ಕೊಡುವಂತಿಲ್ಲ, ಆದರೆ ಗುತ್ತಿಗೆ ಹಿಡಿದ ಕಂಪನಿಯ ನೌಕರರು ತಮ್ಮ ಸಂಬಳದಿಂದ ಕೊಡಬಹುದು.

ಬೇನಾಮಿ ದೇಣಿಗೆ

‘ನನ್ನ ಮಿತಿ ಮುಗಿದಿದೆ, ನಿನ್ನ ಹೆಸರಿನಲ್ಲಿ ಕೊಡು, ಹಣ ನಾನು ವೆನ್ಮೋ ಆ್ಯಪ್‌ನಲ್ಲಿ ಕಳಿಸುತ್ತೇನೆ.’ ಸ್ನೇಹಿತರ ನಡುವೆ ಸಹಜವಾಗಿ ಕಾಣುವ ಈ ಮಾತೇ ಅಪರಾಧ. ಒಬ್ಬರ ಹಣವನ್ನು ಇನ್ನೊಬ್ಬರ ಹೆಸರಿನಲ್ಲಿ ಕೊಡುವುದು ಮೊತ್ತ ಚಿಕ್ಕದಿದ್ದರೂ ಕಾನೂನುಬಾಹಿರ; ತಿಳಿದೂ ಹೆಸರು ಕೊಟ್ಟವರೂ ತಪ್ಪಿತಸ್ಥರೇ. ಮುಂಬೈ ಮೂಲದ ಲೇಖಕ ದಿನೇಶ್ ಡಿಸೋಜಾ 2012ರ ಸೆನೆಟ್ ಚುನಾವಣೆಯಲ್ಲಿ ಬೇರೆಯವರಿಂದ 20,000 ಡಾಲರ್ ಕೊಡಿಸಿ, ತಾವು ಅವರಿಗೆ ಮರಳಿಸಿದ್ದರು. 2014ರಲ್ಲಿ ತಪ್ಪೊಪ್ಪಿಕೊಂಡರು, ಐದು ವರ್ಷದ ಪ್ರೊಬೇಷನ್ ಮತ್ತು 30,000 ಡಾಲರ್ ದಂಡ ಬಿತ್ತು. 2018ರಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಎಲ್ಲರಿಗೂ ಕ್ಷಮಾದಾನ ಸಿಗುವುದಿಲ್ಲ. ಬೆಂಗಳೂರಿನಿಂದ ಅಪ್ಪ ಕಳಿಸಿದ ಹಣವನ್ನು ಅಪ್ಪನ ಇಚ್ಛೆಯಂತೆ ಅಭ್ಯರ್ಥಿಗೆ ದಾಟಿಸಿದರೆ ಬೇನಾಮಿಯ ಜೊತೆ ವಿದೇಶಿ ಹಣದ ಅಪರಾಧವೂ ಸೇರಿಕೊಳ್ಳುತ್ತದೆ.

ನಿಮ್ಮ ಹೆಸರು ಎಲ್ಲಿ ಕಾಣುತ್ತದೆ

ಒಂದು ಚುನಾವಣಾ ಅವಧಿಯಲ್ಲಿ ಒಬ್ಬ ಅಭ್ಯರ್ಥಿಗೆ ನೀವು ಕೊಟ್ಟದ್ದು ಒಟ್ಟು 200 ಡಾಲರ್ ದಾಟಿದರೆ ಸಮಿತಿ ನಿಮ್ಮ ಹೆಸರು, ಅಂಚೆ ವಿಳಾಸ, ಉದ್ಯೋಗ, ಕಂಪನಿ, ದಿನಾಂಕ, ಮೊತ್ತವನ್ನು ವರದಿ ಮಾಡಬೇಕು. ಎಫ್‌ಇಸಿ ಜಾಲತಾಣದ ವೈಯಕ್ತಿಕ ದೇಣಿಗೆಗಳ ವಿಭಾಗದಲ್ಲಿ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು, ಕಂಪನಿಯ ಹೆಸರಿನಿಂದಲೂ ಹುಡುಕಬಹುದು. ನಿಮ್ಮ ಮ್ಯಾನೇಜರಿಗೂ ಪಕ್ಕದ ಮನೆಯವರಿಗೂ ಅದು ತೆರೆದಿರುತ್ತದೆ. ಅಲ್ಲಿನ ಹೆಸರು ವಿಳಾಸಗಳನ್ನು ವ್ಯಾಪಾರಕ್ಕೆ ಅಥವಾ ಬೇರೆ ಚಂದಾ ಎತ್ತಲು ಬಳಸುವುದು ನಿಷಿದ್ಧ, ಓದುವುದಕ್ಕೆ ಅಡ್ಡಿಯಿಲ್ಲ.

200ರ ಒಳಗೆ ಕೊಟ್ಟರೆ ಗುಟ್ಟಾಗಿರುತ್ತದೆ ಎಂದು ನಂಬಿದವರು ಬಹಳ. ಆಕ್ಟ್‌ಬ್ಲೂ, ವಿನ್‌ರೆಡ್ ಎಂಬ ಆನ್‌ಲೈನ್ ದೇಣಿಗೆ ತಾಣಗಳ ಮೂಲಕ ಕೊಟ್ಟರೆ ಆ ನಂಬಿಕೆ ನಿಲ್ಲುವುದಿಲ್ಲ. ಇವು ಮಧ್ಯವರ್ತಿಗಳು, ತಮ್ಮ ಮೂಲಕ ಅಭ್ಯರ್ಥಿಗೆ ಹೋದ 5 ಡಾಲರನ್ನೂ ಹೆಸರು ಸಮೇತ ತಮ್ಮ ವರದಿಯಲ್ಲಿ ತೋರಿಸುತ್ತವೆ. ದೇಣಿಗೆ ಪುಟದಲ್ಲಿ ‘ಪ್ರತಿ ತಿಂಗಳು’ ಎಂಬ ಆಯ್ಕೆಯನ್ನೂ ಗಮನಿಸಿ. ಅದು ಉಳಿದುಬಿಟ್ಟರೆ ಹಣ ಹೋಗುತ್ತಲೇ ಇರುತ್ತದೆ, ಮಿತಿಯೂ ತಿಳಿಯದೆ ದಾಟುತ್ತದೆ. ದಾಟಿದ ಹಣವನ್ನು ಸಮಿತಿ 60 ದಿನದೊಳಗೆ ವಾಪಸ್ ಮಾಡಬೇಕು, ಇಲ್ಲವೇ ನಿಮ್ಮ ಒಪ್ಪಿಗೆ ಪಡೆದು ಇನ್ನೊಂದು ಚುನಾವಣೆಯ ಲೆಕ್ಕಕ್ಕೆ ಹಾಕಬೇಕು.

ಈ ದಾಖಲೆ ಓದಲು ಕಲಿಯುವುದು ಪ್ರತಿಯೊಬ್ಬ ಮತದಾರನೂ ಮಾಡಬೇಕಾದ ಕೆಲಸ ಎಂದೇ ನಮ್ಮ ಅಭಿಪ್ರಾಯ. ಬೆಳಗಾವಿಯಲ್ಲಿ ಬೆಳೆದು, 2022ರಲ್ಲಿ ಮಿಷಿಗನ್‌ನಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದ ಶ್ರೀ ಥಾನೇದಾರ್ ಅವರ ಸಮಿತಿಯ ಪುಟದಿಂದಲೇ ಶುರುಮಾಡಿ. ಅವರು ಸ್ವಂತ ಪ್ರಚಾರಕ್ಕೆ ಹಾಕಿದ ದೊಡ್ಡ ಮೊತ್ತಗಳು ಅಲ್ಲಿ ಕಾಣುತ್ತವೆ. ಅಭ್ಯರ್ಥಿ ತನ್ನ ಸ್ವಂತ ಹಣ ಹಾಕಲು ಮಿತಿಯಿಲ್ಲ. ಆದರೆ ತೆರಿಗೆ ವಿನಾಯಿತಿಯುಳ್ಳ ಸಮಾಜ ಕಲ್ಯಾಣ ಸಂಘಗಳು, ಅಂದರೆ 501(ಸಿ)(4) ಸಂಸ್ಥೆಗಳು, ಸೂಪರ್ ಪ್ಯಾಕ್‌ಗೆ ಹಣ ಕೊಟ್ಟಾಗ ಕಾಣುವುದು ಸಂಸ್ಥೆಯ ಹೆಸರು ಮಾತ್ರ, ಅದರ ಹಿಂದಿನ ದಾನಿಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಸಣ್ಣ ದಾನಿಯ ಮನೆ ವಿಳಾಸ ಬಯಲಾಗುವ ವ್ಯವಸ್ಥೆಯಲ್ಲಿ ಇಷ್ಟು ದೊಡ್ಡ ಬಾಗಿಲು ತೆರೆದಿರುವುದು ಅನ್ಯಾಯ.

ಮನೆಯ ಸಭೆ, ಕನ್ನಡ ಕೂಟದ ವೇದಿಕೆ

ಅಭ್ಯರ್ಥಿಯನ್ನು ಮನೆಗೆ ಕರೆದು ಸಭೆ ನಡೆಸಿದರೆ ಊಟ, ಪಾನೀಯ, ಆಮಂತ್ರಣಕ್ಕೆ ನೀವು ಮಾಡುವ ಖರ್ಚಿನಲ್ಲಿ ಒಂದು ಚುನಾವಣೆಗೆ 1,000 ಡಾಲರ್ ತನಕ, ದಂಪತಿಗೆ 2,000 ತನಕ, ದೇಣಿಗೆಯೆಂದು ಎಣಿಸುವುದಿಲ್ಲ.

ಕೂಟದ ಕಥೆಯೇ ಬೇರೆ. ಸೇವಾ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿ ಕೊಡುವ 501(ಸಿ)(3) ಅಡಿ ನೋಂದಾಯಿಸಿದ ಕೂಟ, ದೇವಸ್ಥಾನ, ಕನ್ನಡ ಶಾಲೆ ಯಾವುದೇ ಅಭ್ಯರ್ಥಿಯ ಪರ ಅಥವಾ ವಿರುದ್ಧ ನಿಲ್ಲುವುದನ್ನು 1954ರಿಂದ ಕಾನೂನು ನಿಷೇಧಿಸಿದೆ. ಯುಗಾದಿ ಕಾರ್ಯಕ್ರಮದಲ್ಲಿ ಮೇಯರ್ ಸ್ಥಾನದ ಅಭ್ಯರ್ಥಿಯಿಂದ ದೀಪ ಬೆಳಗಿಸಿ, ನಿರೂಪಕರು ‘ಇವರನ್ನು ಗೆಲ್ಲಿಸೋಣ’ ಎಂದರೆ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ಒಬ್ಬ ಅಭ್ಯರ್ಥಿಗೆ ಮಾತ್ರ ಸಭಾಂಗಣ ಬಿಟ್ಟಿ ಕೊಡುವುದು, ಸದಸ್ಯರ ಇಮೇಲ್ ಪಟ್ಟಿ ಹಂಚುವುದು, ಕೂಟದ ಪತ್ರಿಕೆಯಲ್ಲಿ ಬೆಂಬಲ ಬರೆಯುವುದು, ಎಲ್ಲವೂ ತಪ್ಪು. ಎಲ್ಲ ಅಭ್ಯರ್ಥಿಗಳನ್ನೂ ಸಮಾನವಾಗಿ ಕರೆದು ಸಂವಾದ ನಡೆಸಬಹುದು, ಪಕ್ಷಭೇದವಿಲ್ಲದೆ ಮತದಾರರ ನೋಂದಣಿ ಮೇಜು ಹಾಕಬಹುದು. ಅಧ್ಯಕ್ಷರು ವೈಯಕ್ತಿಕವಾಗಿ ಯಾರನ್ನಾದರೂ ಬೆಂಬಲಿಸಲಿ, ಕೂಟದ ಮೈಕು ಹಿಡಿದು ಬೇಡ.

ಲಾಬಿ ಮತ್ತು ಭಾರತದ ಪಕ್ಷಗಳು

ಗ್ರೀನ್ ಕಾರ್ಡ್ ವಿಳಂಬದ ಬಗ್ಗೆ ನಿಮ್ಮ ಕಾಂಗ್ರೆಸ್ ಸದಸ್ಯರಿಗೆ ಪತ್ರ ಬರೆಯಲು, ಕಚೇರಿಗೆ ಹೋಗಿ ಮಾತಾಡಲು ಯಾವ ನೋಂದಣಿಯೂ ಬೇಡ, ಎಚ್-1ಬಿಯವರೂ ಹೋಗಬಹುದು. 1995ರ ಲಾಬಿ ಕಾನೂನು ಅನ್ವಯಿಸುವುದು ಹಣ ಪಡೆದು ಈ ಕೆಲಸ ಮಾಡುವವರಿಗೆ. ಅಂಥವರು 45 ದಿನದೊಳಗೆ ನೋಂದಾಯಿಸಿಕೊಂಡು, ಮೂರು ತಿಂಗಳಿಗೊಮ್ಮೆ ಯಾವ ವಿಷಯಕ್ಕೆ ಎಷ್ಟು ಹಣ ಎಂದು ವರದಿ ಕೊಡಬೇಕು. 501(ಸಿ)(3) ಕೂಟವೂ ಸ್ವಲ್ಪ ಮಟ್ಟಿಗೆ ಲಾಬಿ ಮಾಡಬಹುದು; ತೆರಿಗೆ ಇಲಾಖೆಗೆ ಫಾರಂ 5768 ಸಲ್ಲಿಸಿದರೆ ಸೇವಾ ಖರ್ಚಿನ ಮೊದಲ 5 ಲಕ್ಷ ಡಾಲರಿನ ಶೇ. 20ರಷ್ಟು ಎಂಬ ಸ್ಪಷ್ಟ ಅಳತೆ ಸಿಗುತ್ತದೆ.

ಭಾರತದ ಪಕ್ಷವೊಂದರ ಸೂಚನೆಯಂತೆ ಇಲ್ಲಿ ಪ್ರಚಾರ ಮಾಡುವವರಿಗೆ ಬೇರೆಯದೇ ಕಾನೂನಿದೆ, ವಿದೇಶಿ ಏಜೆಂಟರ ನೋಂದಣಿಯ 1938ರ ಫಾರಾ. ಅದರಡಿ ನ್ಯಾಯ ಇಲಾಖೆಯಲ್ಲಿ ನೋಂದಾಯಿಸಬೇಕು. ಓವರ್‌ಸೀಸ್ ಫ್ರೆಂಡ್ಸ್ ಆಫ್ ಬಿಜೆಪಿಯ ಅಮೆರಿಕ ಘಟಕ 2020ರಲ್ಲಿ ನೋಂದಾಯಿಸಿಕೊಂಡಿತು. ಹಣದ ವಿಷಯದಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಭಾರತದ ಎಫ್‌ಸಿಆರ್‌ಎ ಕಾಯ್ದೆಯನ್ನೂ ನೋಡಬೇಕು. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಊರಿನ ಪಕ್ಷಕ್ಕೆ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರರಾಗಿ ಒಸಿಐ ಕಾರ್ಡ್ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಪಕ್ಷವಾಗಲಿ ಅಭ್ಯರ್ಥಿಯಾಗಲಿ ಅದನ್ನು ಪಡೆಯುವಂತಿಲ್ಲ.