ಹಳ್ಳಿಯವರಿಗೆ ತಿಳಿಯುವ ಹಾಗೆ ಸಿಬ್ಬಂದಿ ಪರಿಚಯ ಬರೆಯುವುದು ಹೇಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಅದಾಗಿ ಎರಡು ವಾರಕ್ಕೆ ನಾವು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ಭತ್ತಕ್ಕೆ ನೀರು ಬರುತ್ತದೋ ಇಲ್ಲವೋ ಅಂತ ಎಲ್ಲರಿಗೂ ಚಿಂತೆ. ನಾನು ಕೆಲಸ ಮಾಡುವುದು ರಾಯಚೂರಿನಲ್ಲಿ, ವಿಶ್ವವಿದ್ಯಾಲಯವೊಂದರ ಸಮುದಾಯ ಸಂಶೋಧನಾ ಕೇಂದ್ರದಲ್ಲಿ. ನಮ್ಮ ಸಿಬ್ಬಂದಿಯ ಪರಿಚಯದ ಹಾಳೆಯನ್ನು ಕಟ್ಟೆ ಮೇಲೆ ಕೂತಿದ್ದ ಅಜ್ಜಿಯೊಬ್ಬರಿಗೆ ಕೊಟ್ಟೆ. ಅವರು ಮೊಮ್ಮಗನ ಕೈಲಿ ಓದಿಸಿದರು. "ಪಿಎಚ್.ಡಿ., ಎಂ.ಫಿಲ್., ನೆಟ್..." ಅಂತ ಹುಡುಗ ಓದುತ್ತಾ ಹೋದ. ಅಜ್ಜಿ ನನ್ನ ಕಡೆ ತಿರುಗಿ, "ಅದಿರ್ಲಿ ಬಿಡವ್ವಾ, ಇದಕ್ಕಿಂತ ಮೊದ್ಲ ನೀ ಏನ್ ಕೆಲಸ ಮಾಡ್ತಿದ್ದಿ?" ಅಂದರು.

ನ್ಯಾಯವಾದ ಪ್ರಶ್ನೆ. ಮನೆಯ ಸಾಲ, ನೀರಿನ ಜಗಳ, ಮೈಯ ಕಾಯಿಲೆ ಎಲ್ಲ ಬಾಯಿಬಿಟ್ಟು ಹೇಳಬೇಕಾದವರು ಅವರು. ಎದುರಿಗೆ ಕೂತವರು ಯಾರು ಅಂತ ಅವರಿಗೆ ಗೊತ್ತಿರಬೇಕು, ಅಲ್ವಾ? ವಾಪಸ್ ಬಂದ ಮೇಲೆ ನಮ್ಮ ಹನ್ನೊಂದು ಜನರ ಪರಿಚಯವನ್ನೂ ಹೊಸದಾಗಿ ಬರೆದೆ. ಇಂಥ ಕೆಲಸ ನಿಮ್ಮ ಪಾಲಿಗೆ ಬಂದರೆ ನೆರವಾಗಲಿ ಅಂತ, ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಬಯೋಡೇಟಾ ಕೇಳಬೇಡಿ. ಕೇಳಿದರೆ ಡಿಗ್ರಿಗಳ ಪಟ್ಟಿ ಬರುತ್ತದೆ, ಅಷ್ಟೇ. ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಚಹಾ ಕುಡಿಯುತ್ತಾ ಕೂತು ಮಾತಾಡಿ. ನಮ್ಮಲ್ಲಿ ಕ್ಷೇತ್ರ ಸಹಾಯಕರೊಬ್ಬರಿದ್ದಾರೆ. ಹಳೇ ಹಾಳೆಯಲ್ಲಿ ಅವರ ಬಗ್ಗೆ ಇದ್ದದ್ದು ಒಂದೇ ಸಾಲು: "ಕ್ಷೇತ್ರ ಸಹಾಯಕರು, ಎಸ್ಸೆಸ್ಸೆಲ್ಸಿ." ನಿಮ್ಮ ಅನುಭವ ಏನು ಅಂತ ಕೇಳಿದೆ. "ಏನಿಲ್ರಿ ಮೇಡಂ, ಕಾಲುವಿ ಮ್ಯಾಲೆ ಗ್ಯಾಂಗ್‌ಮನ್ ಇದ್ದೆ" ಅಂದು ಸುಮ್ಮನಾದರು. ಆಮೇಲೆ ಪ್ರಶ್ನೆ ಬದಲಾಯಿಸಿದೆ. ಕಾಲುವೆಗೆ ನೀರು ಬಿಟ್ಟ ದಿನ ಬೆಳಿಗ್ಗೆ ಎದ್ದು ಏನೇನು ಮಾಡುತ್ತಿದ್ದಿರಿ ಅಂದೆ. ಆಗ ಮಾತು ಹರಿಯಿತು. ನೀರಿನ ಮಟ್ಟ ತೋರಿಸುವ ಗೇಜ್ ನೋಡಿ ಬರೆದುಕೊಳ್ಳುವುದು, ರಾತ್ರಿ ಬ್ಯಾಟರಿ ಹಿಡಿದು ದಂಡೆ ಮೇಲೆ ನಡೆಯುವುದು, ತೂಬಿನ ಹತ್ತಿರ ಇಬ್ಬರು ರೈತರು ಕೈ ಕೈ ಮಿಲಾಯಿಸಿದರೆ ನಡುವೆ ನಿಲ್ಲುವುದು. ನಾನು ಬರೆದದ್ದು ಹೀಗೆ: "ಹದಿನಾಲ್ಕು ವರ್ಷ ಎಡದಂಡೆ ಕಾಲುವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಯಾವ ತೂಬಿಗೆ ಎಷ್ಟು ನೀರು ಹೋಗುತ್ತದೆ ಅಂತ ನೋಡಿ ಬಲ್ಲರು. ನಮ್ಮ ನೀರಿನ ಸಮೀಕ್ಷೆಯ ಪ್ರಶ್ನೆಗಳನ್ನು ಇವರೇ ತಿದ್ದಿದ್ದಾರೆ." ಹಳ್ಳಿಗಳಲ್ಲಿ ಈಗ ಜಾಸ್ತಿ ಜನ ಓದುವುದು ಈ ಪರಿಚಯವನ್ನೇ.

ಡಿಗ್ರಿ ಬೇಡ ಅಂತಲ್ಲ. ಅದರಿಂದ ಏನು ಬರುತ್ತದೆ ಅನ್ನುವುದನ್ನೂ ಬರೆಯಿರಿ. ಎಂ.ಎಸ್.ಡಬ್ಲ್ಯೂ. ಅಂತ ಬರೆದು ಬಿಟ್ಟುಬಿಡಬೇಡಿ. "ಸಮಾಜಕಾರ್ಯ ಓದಿದ್ದಾರೆ, ಮನೆ ಮನೆಗೆ ಹೋಗಿ ಮಾತಾಡಿಸುವ ತರಬೇತಿ ಇದೆ" ಅನ್ನಿ.

ಭಾಷೆಯನ್ನು ಖಂಡಿತ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಇದು ಡಿಗ್ರಿಗಿಂತ ದೊಡ್ಡದು. ಕಾಲುವೆ ಪಕ್ಕದಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು, ಬಂಗಾಳಿ ನಿರಾಶ್ರಿತರು ನೆಲೆಸಿರುವ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿ. ಮಾತು ಅರ್ಥವಾಗುತ್ತದೋ, ಆಡಲೂ ಬರುತ್ತದೋ ಅಂತ ಬೇರೆ ಬೇರೆ ಬರೆಯಿರಿ. ಆಶಾ ಕಾರ್ಯಕರ್ತೆಯಾಗಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಲಂಬಾಣಿ ಆಡುತ್ತಾರೆ ಅಂತ ಎರಡು ವರ್ಷ ನಮ್ಮ ಕೇಂದ್ರದಲ್ಲೇ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ದಿನ ತಾಂಡಾಗಳಿಗೆ ದುಭಾಷಿ ಹುಡುಕುತ್ತಿದ್ದೆವು!

ಮುಚ್ಚಿಡಬಾರದ ಒಂದು ವಿಷಯ ಇದೆ. ಹಿಂದಿನ ಕೆಲಸಕ್ಕೂ ಈಗಿನ ಸಂಶೋಧನೆಗೂ ನಂಟಿದ್ದರೆ ಹೇಳಲೇಬೇಕು. ನಮ್ಮ ಒಬ್ಬ ಸಂಶೋಧಕರು ಮೊದಲು ಹತ್ತಿ ಬೀಜದ ಕಂಪನಿಯಲ್ಲಿದ್ದರು. ಈಗ ಹತ್ತಿ ಬೆಳೆಗಾರರ ಸಾಲದ ಬಗ್ಗೆ ಕೆಲಸ ಮಾಡುತ್ತಿದ್ದಾರೆ. ಇದನ್ನು ಬರೆಯಲು ಅವರಿಗೆ ಮುಜುಗರವಿತ್ತು. ಕೂತು ಮಾತಾಡಿದೆವು. ಬೇರೆಯವರಿಂದ ಗೊತ್ತಾದರೆ ನಂಬಿಕೆ ಹೋಗುತ್ತದೆ, ನಾವೇ ಹೇಳಿದರೆ ಉಳಿಯುತ್ತದೆ ಅಂತ ಅವರೇ ಒಪ್ಪಿಕೊಂಡು ಬರೆದುಕೊಟ್ಟರು.

ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ನೈತಿಕ ಸಮಿತಿಯವರ ಪರಿಚಯವನ್ನೂ ಮರೆಯಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಆ ಸಮಿತಿಯಲ್ಲಿ ಸಾಮಾನ್ಯ ಜನರ ಪರವಾಗಿಯೂ ಒಬ್ಬ ಸದಸ್ಯರು ಇರಬೇಕು. ಅವರು ಏನು ಕೆಲಸ ಮಾಡುವವರು ಅನ್ನುವುದು ಊರಿನವರಿಗೆ ತಿಳಿಯಲಿ.

ಜಾತಿ, ಮನೆ ವಿಳಾಸ, ಸ್ವಂತ ಮೊಬೈಲ್ ನಂಬರ್ ಬೇಡ. ಕೇಂದ್ರದ ನಂಬರ್ ಸಾಕು. ನಡುವೆ ಕೆಲಸ ಬಿಟ್ಟಿದ್ದ ವರ್ಷಗಳಿಗೆ ಕಾರಣ ಕೆದಕಬೇಡಿ. ಬರೆದದ್ದನ್ನು ಅವರವರ ಮುಂದೆಯೇ ಓದಿ, ಒಪ್ಪಿಗೆ ಪಡೆದ ಮೇಲೆ ಅಚ್ಚು ಹಾಕಿಸಿ.

ಅಚ್ಚಿಗೆ ಕೊಡುವ ಮುಂಚೆ ಯಾವುದಾದರೂ ಊರಿನ ಕಟ್ಟೆ ಮೇಲೆ ಒಮ್ಮೆ ಜೋರಾಗಿ ಓದಿಸಿ. ಓದುವವರು ತಡವರಿಸಿದ ಕಡೆ ಗುರುತು ಹಾಕಿಕೊಂಡು ತಿದ್ದಿ. ನಾನು ಹೊಸ ಹಾಳೆಯನ್ನು ಅದೇ ಅಜ್ಜಿಯ ಹತ್ತಿರ ತೆಗೆದುಕೊಂಡು ಹೋದೆ. ನನ್ನದರಲ್ಲಿ "ಒಂಬತ್ತು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದರು" ಅಂತ ಇತ್ತು. ಮೊಮ್ಮಗ ಓದಿದ. ಅಜ್ಜಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಕೂಡವ್ವಾ, ನಮ್ಮೂರ ಅಂಗನವಾಡಿ ಕಥಿ ಹೇಳ್ತೀನಿ ಬರ್ಕೋ" ಅಂದರು.