ಮೊದಲ ರೇಟೆಡ್ ಚೆಸ್ ಟೂರ್ನಮೆಂಟ್: ಓಪನಿಂಗ್ ಪಕ್ಕಕ್ಕಿಟ್ಟು ನಾನು ಮಾಡ್ಕೊಂಡ ತಯಾರಿ

ಗುಕೇಶ್ 2024ರ ಡಿಸೆಂಬರಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್‌ನ ಸೋಲಿಸಿ ವರ್ಲ್ಡ್ ಚಾಂಪಿಯನ್ ಆದ್ಮೇಲೆ ನನ್ ಥರ ಮೊಬೈಲಲ್ಲೇ ಚೆಸ್ ಆಡ್ಕೊಂಡಿದ್ದ ಸುಮಾರು ಜನಕ್ಕೆ ಒಂದ್ಸಲ ನಿಜವಾದ ಟೂರ್ನಮೆಂಟ್ ಆಡ್ಬೇಕು ಅಂತ ಹುಚ್ಚು ಹಿಡಿದಿದೆ. ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಯಾವ ಓಪನಿಂಗ್ (ಆಟದ ಶುರುವಿನ ಮೂವ್‌ಗಳ ಕ್ರಮ) ಓದ್ಲಿ ಅಂತ. ನನ್ನ ಕೇಳಿದ್ರೆ ಅದನ್ನ ಆಮೇಲೆ ನೋಡ್ಕೊಳಿ, ಈಗ ಆಡ್ತಿರೋದೇ ಸಾಕು. ಹಾಲ್‌ನಲ್ಲಿ ಹೊಸದಾಗಿ ಕಾಡೋದು ಕೂರೋದು, ಆಡಿದ ಮೂವ್ ಬರೆಯೋದು, ಕೈ ಸುಮ್ನೆ ಇಟ್ಕೊಳೋದು. ನಾನು ತಯಾರಿ ಮಾಡಿದ್ದೆಲ್ಲ ಅದಕ್ಕೇ.

ಪೇಪರ್ ಕೆಲಸ ಬೇಗ ಹೇಳ್ಬಿಡ್ತೀನಿ. ರೇಟೆಡ್ ಟೂರ್ನಮೆಂಟ್‌ಗೆ, ಅಂದ್ರೆ ರಿಸಲ್ಟ್ ನಮ್ಮ ರೇಟಿಂಗ್‌ಗೆ ಲೆಕ್ಕಕ್ಕೆ ಬರೋ ಟೂರ್ನಮೆಂಟ್‌ಗೆ, ಅಖಿಲ ಭಾರತ ಚೆಸ್ ಫೆಡರೇಶನ್‌ನಲ್ಲಿ ರಿಜಿಸ್ಟ್ರೇಶನ್ ಇರ್ಬೇಕು, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಐಡಿ ಬೇಕು, ಇವೆರಡನ್ನೂ ಕೊನೆ ವಾರಕ್ಕೆ ಇಟ್ಕೋಬೇಡಿ. ಬ್ರೋಷರ್‌ನ ಕೊನೆ ಪುಟದ ಸಣ್ಣಕ್ಷರದವರೆಗೂ ಓದಿ, ಎಷ್ಟೋ ಕಡೆ ಕ್ಲಾಕ್ ನಾವೇ ತರ್ಬೇಕು ಅಂತ ಬರ್ದಿರತ್ತೆ. ಆಮೇಲೆ ಟೈಮ್ ಕಂಟ್ರೋಲ್, ಅಂದ್ರೆ ಒಬ್ಬೊಬ್ಬರಿಗೆ ಆಡೋಕೆ ಸಿಗೋ ಟೈಮ್. ನಾನು ಆಡಿದ್ದು ಕ್ಲಾಸಿಕಲ್, 90 ನಿಮಿಷ, ಪ್ರತಿ ಮೂವ್‌ಗೆ 30 ಸೆಕೆಂಡ್ ಸೇರತ್ತೆ. ಒಂದು ಗೇಮ್ 60 ಮೂವ್ ಹೋದ್ರೆ ಒಬ್ಬೊಬ್ಬರಿಗೆ ಎರಡು ಗಂಟೆ, ಇಬ್ಬರದೂ ಸೇರಿ ನಾಲ್ಕು ಗಂಟೆ, ದಿನಕ್ಕೆ ಅಂಥವು ಎರಡು ರೌಂಡ್. ಐದು ನಿಮಿಷದ ಬ್ಲಿಟ್ಜ್ ಆಡಿ ಅಭ್ಯಾಸ ಇರೋನಿಗೆ ಇದು ಬೇರೆ ಆಟಾನೇ.

ನನ್ನ ಪುಣ್ಯಕ್ಕೆ ನಮ್ಮ ಬೀದೀಲಿ ಒಬ್ರು ರಿಟೈರ್ಡ್ ಮೇಷ್ಟ್ರಿದಾರೆ, ಕೀ ಕೊಡೋ ಗಡಿಯಾರದ ಕಾಲದಿಂದ ಟೂರ್ನಮೆಂಟ್ ಆಡಿದೋರು, ಮೈಸೂರಿನವರಾದ್ದರಿಂದ ಐದು ನಿಮಿಷಕ್ಕೊಂದ್ಸಲ "ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್ ನಮ್ಮ ತೇಜಕುಮಾರ್ ಕಣಯ್ಯ, 2017ರಲ್ಲಿ" ಅಂತ ಹೇಳ್ದೆ ಬಿಡಲ್ಲ. ಸಂಜೆ ಅವರ ಮನೆ ಜಗುಲೀಲಿ ಕೂತು ಆಡ್ತಿದ್ವಿ. ಮೊದಲನೇ ಸಂಜೇನೇ ನಾನು ಕುದುರೆ ಎತ್ತಿ, ಗಾಳೀಲೇ ಹಿಡ್ಕೊಂಡು ಯೋಚ್ನೆ ಮಾಡಿ, ವಾಪಸ್ ಇಡೋಕ್ ಹೋದೆ.

"ಮುಟ್ಟಿದ್ಯಲ್ಲಪ್ಪಾ, ಅದನ್ನೇ ಆಡು."

"ಮೇಷ್ಟ್ರೇ, ಸುಮ್ನೆ ನೋಡ್ತಿದ್ದೆ."

"ಕಣ್ಣಲ್ಲಿ ನೋಡೋಕೆ ಕಾಸಿಲ್ಲ. ಕೈ ಯಾಕೆ?"

ಮೊಬೈಲಲ್ಲಿ ಕಾಯಿ ಎಳೆದು ಅರ್ಧ ದಾರಿಯಿಂದ ವಾಪಸ್ ಬಿಡೋ ಅಭ್ಯಾಸ ಇದೆಯಲ್ಲ, ಅದು ಇಲ್ಲಿ ನಡಿಯಲ್ಲ. ನಮ್ಮ ಕಾಯಿ ಮುಟ್ಟಿದ್ರೆ ಅದನ್ನೇ ಆಡ್ಬೇಕು, ಎದುರಾಳಿ ಕಾಯಿ ಮುಟ್ಟಿದ್ರೆ ಹೊಡಿಯೋಕ್ ಆಗೋದಾದ್ರೆ ಹೊಡೀಲೇಬೇಕು. ಕಾಯಿ ಮನೆ ನಡುವಲ್ಲಿ ಸರಿಯಾಗಿ ಕೂತಿಲ್ಲ, ಸರಿ ಮಾಡ್ಬೇಕು ಅಂದ್ರೆ ನಮ್ಮ ಸರದಿ ಇದ್ದಾಗ, ಮುಟ್ಟೋಕ್ ಮುಂಚೆನೇ "ಅಡ್ಜಸ್ಟ್" ಅಂತ ಬಾಯ್ಬಿಟ್ಟು ಹೇಳ್ಬೇಕು. ಕ್ಯಾಸಲಿಂಗ್‌ಗೆ (ರಾಜ, ಆನೆ ಎರಡನ್ನೂ ಒಂದೇ ಮೂವ್‌ನಲ್ಲಿ ಸರಿಸೋದು) ಮೊದಲು ರಾಜ, ಆಮೇಲೆ ಆನೆ, ಒಂದೇ ಕೈಲಿ. ಆನೆ ಮೊದಲು ಮುಟ್ಟಿದ್ರೆ ಆ ಕಡೆ ಕ್ಯಾಸಲಿಂಗ್ ಹೋಯ್ತು. ಕಾಯಿ ನಡೆಸಿದ ಕೈಯಿಂದಾನೇ ಕ್ಲಾಕ್ ಒತ್ಬೇಕು. ಪಾನ್ ಕೊನೆ ಮನೆಗೆ ಹೋಗಿ ಕ್ವೀನ್ ಆಗುವಾಗ ಪಕ್ಕದಲ್ಲಿ ಇನ್ನೊಂದು ಕ್ವೀನ್ ಇಲ್ಲ ಅಂದ್ರೆ ಆನೇನ ತಲೆಕೆಳಗು ಮಾಡಿ ಇಡೋದು ಮನೆ ಆಟ, ಟೂರ್ನಮೆಂಟಲ್ಲಿ ಅದು ಬರೀ ಆನೆ ಅಷ್ಟೇ, ಕ್ಲಾಕ್ ನಿಲ್ಲಿಸಿ ಅರ್ಬಿಟರ್ (ತೀರ್ಪುಗಾರರು) ಹತ್ರ ಕ್ವೀನ್ ಕೇಳ್ಬೇಕು. ಯಾರೂ "ಚೆಕ್" ಅಂತಾನೂ ಹೇಳಲ್ಲ. ಚೆಕ್ ನೋಡ್ದೆ ಬೇರೆ ಮೂವ್ ಆಡಿ ಕ್ಲಾಕ್ ಒತ್ತಿದ್ರೆ ಅದು ಇಲ್ಲೀಗಲ್ ಮೂವ್, ಕ್ಲಾಸಿಕಲ್‌ನಲ್ಲಿ ಮೊದಲ ಸಲಕ್ಕೆ ಎದುರಾಳಿಗೆ ಎರಡು ನಿಮಿಷ ಜಾಸ್ತಿ ಕೊಡ್ತಾರೆ, ಎರಡನೇ ಸಲಕ್ಕೆ ಗೇಮೇ ಹೋಗತ್ತೆ. ಇದೆಲ್ಲ ಓದಿದ್ರೆ ತಲೇಲಿ ನಿಲ್ಲಲ್ಲ, ಜಗುಲೀಲಿ ಬೈಸ್ಕೊಂಡ್ರೆ ನಿಲ್ಲತ್ತೆ.

ಇನ್ನೊಂದು ವಿಷ್ಯ ಕಣ್ಣು. ಸ್ಕ್ರೀನಲ್ಲಿ ಬೋರ್ಡ್‌ನ ಮೇಲಿಂದ ನೋಡ್ತೀವಿ, ಇಲ್ಲಿ ಓರೆಯಾಗಿ ಕಾಣತ್ತೆ, ಎದುರಾಳಿ ಕಡೆ ಮೂಲೇಲಿ ಕೂತಿರೋ ಒಂಟೆ ಎತ್ತರದ ಕಾಯಿಗಳ ಹಿಂದೆ ಮರೆಯಾಗಿ ಎಲ್ಲಿಗೆ ಗುರಿ ಇಟ್ಟಿದೆ ಅನ್ನೋದೇ ಹೊಳಿಯಲ್ಲ. ಅದಕ್ಕೆ ರೋಲ್ ಮಾಡೋ ವಿನೈಲ್ ಬೋರ್ಡು, ಪ್ಲಾಸ್ಟಿಕ್ ಕಾಯಿ ತಂದು, ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ಸೈಟಲ್ಲಿ 30 ನಿಮಿಷ 20 ಸೆಕೆಂಡ್‌ನ ಗೇಮ್ ಹಾಕ್ಕೊಂಡು, ಎದುರಿನವರ ಮೂವ್ ಫೋನಲ್ಲಿ ಬಂದ ತಕ್ಷಣ ಬೋರ್ಡ್ ಮೇಲೆ ಆಡಿ, ಫೋನ್ ಮಕಾಡೆ ಇಟ್ಟು, ಬೋರ್ಡ್ ನೋಡ್ಕೊಂಡೇ ಯೋಚ್ನೆ ಮಾಡಿ ಆಮೇಲೆ ಫೋನಲ್ಲಿ ಒತ್ತೋದು. ಪಜಲ್ಸ್ ಕೂಡ ಹಾಗೇ, ಕಾಯಿ ಜೋಡಿಸಿಟ್ಟು ಬಿಡಿಸ್ದೆ. ಮೊದಮೊದಲು ರಗಳೆ ಅನ್ಸತ್ತೆ, ಆದ್ರೆ ಉಪಯೋಗಕ್ಕೆ ಬಂದಿದ್ರಲ್ಲಿ ಇದೇ ದೊಡ್ಡದು.

ಎರಡನೇ ಅಭ್ಯಾಸ ಮೂವ್ ಬರೆಯೋದು, ಇದಕ್ಕೆ ಯಾರೂ ತಲೆ ಕೆಡಿಸ್ಕೊಳಲ್ಲ. 30 ಸೆಕೆಂಡ್ ಸೇರೋ ಆಟದಲ್ಲಿ ಟೈಮ್ ಎಷ್ಟೇ ಕಮ್ಮಿ ಇದ್ರೂ ಕೊನೇವರೆಗೂ ಬರೀಲೇಬೇಕು. ಮೊದಲು ಆಡಿ ಆಮೇಲೆ ಬರೀಬೇಕು, ಬರ್ದು ಆಡೋ ಹಾಗಿಲ್ಲ. ಎದುರಾಳಿ ಮೂವ್ ಬರೆಯೋಕ್ ಮುಂಚೆ ನಮ್ಮದು ಆಡಬಹುದು, ಆದ್ರೆ ಅದರ ಮುಂದಿನದು ಆಡೋಷ್ಟ್ರಲ್ಲಿ ಬಾಕಿ ತೀರಿರ್ಬೇಕು. ಪ್ರತಿ ಮನೆಗೂ ಎ ಇಂದ ಎಚ್‌ವರೆಗಿನ ಒಂದು ಅಕ್ಷರ, 1ರಿಂದ 8ರವರೆಗಿನ ಒಂದು ನಂಬರ್ ಸೇರಿಸಿ ಹೆಸರು. ಬ್ಲಾಕ್ ಆಡುವಾಗ ಎಲ್ಲ ತಿರುಗುಮುರುಗು, ಎ ಸಾಲು ಬಲಗಡೆ, 8ನೇ ಸಾಲು ಹೊಟ್ಟೆ ಹತ್ರ, ಎಫ್6 ಅನ್ನೋ ಜಾಗದಲ್ಲಿ ಸಿ3 ಅಂತ ಬರ್ದಿರ್ತೀವಿ. ಮೇಷ್ಟ್ರು ಒಂದು ಉಪಾಯ ಹೇಳಿದ್ರು, ಬ್ಲಾಕ್ ಕಡೆ ಕೂತು ಅವರು ಬೆರಳಿಟ್ಟ ಮನೆ ಹೆಸರು ತಡ ಮಾಡ್ದೆ ಹೇಳೋದು. ಅವರ ಮೊಮ್ಮಗಳೂ ಸೇರ್ಕೊಂಡ್ಲು, ನನಗಿಂತ ಫಾಸ್ಟು. ಮೂವ್ ಬರೆಯೋ ಸ್ಕೋರ್‌ಶೀಟಲ್ಲಿ ನಮ್ಮ ಹೆಸರು, ಬೋರ್ಡ್ ನಂಬರ್, ರೌಂಡ್ ನಂಬರ್ ತುಂಬೋದು, ಆಟ ಮುಗಿದ್ಮೇಲೆ ರಿಸಲ್ಟ್ ಬರ್ದು ಇಬ್ಬರೂ ಸೈನ್ ಹಾಕೋದು, ಇದೂ ಅಭ್ಯಾಸದಲ್ಲಿ ಸೇರಿಸ್ಕೊಂಡ್ವಿ. ಡ್ರಾ ಕೇಳೋ ಕ್ರಮಾನೂ ಅಷ್ಟೇ: ಮೂವ್ ಆಡು, ಬಾಯಲ್ಲಿ ಕೇಳು, ಕ್ಲಾಕ್ ಒತ್ತು.

ಊಟದ ಬಗ್ಗೆ ನನ್ನದು ಸ್ವಲ್ಪ ಕಟ್ಟುನಿಟ್ಟು. ಎರಡು ರೌಂಡ್ ಮಧ್ಯೆ ಹೊಟ್ಟೆ ಬಿರಿಯ ಅನ್ನ ಸಾರು ಮೊಸರನ್ನ ಹೊಡೆದು ಬಂದ್ರೆ ಮೂರು ಗಂಟೆಗೆ ಕಣ್ಣೆಳೀತದೆ, ಅದು ಯಾವ ಡಿಫೆನ್ಸ್‌ಗೂ ಬಗ್ಗಲ್ಲ. ಎರಡು ಇಡ್ಲಿ, ಬಾಳೆಹಣ್ಣು, ಕಡಲೆ ಚಿಕ್ಕಿ, ನೀರು. ನಮ್ಮ ಸರದಿ ಇರುವಾಗ ಆಡೋ ಜಾಗ ಬಿಟ್ಟು ಅರ್ಬಿಟರ್‌ನ ಕೇಳ್ದೆ ಹೋಗೋ ಹಾಗಿಲ್ಲ, ಆದ್ದರಿಂದ ಬಾತ್‌ರೂಮ್‌ಗೆ ಎದುರಾಳಿ ಯೋಚಿಸ್ತಿರುವಾಗ ಹೋಗಿ. ಫೋನು, ಸ್ಮಾರ್ಟ್‌ವಾಚು ಮೈಮೇಲೆ ಇರ್ಲೇಬಾರ್ದು, ಸಿಕ್ಕಿದ್ರೆ ಸೋತ ಹಾಗೆ. ಒಂಟಿಯಾಗಿ ಹೋಗೋರು ಫೋನ್ ಎಲ್ಲಿಡೋದು ಅಂತ ಮುಂಚೇನೇ ಕೇಳ್ಕೊಳಿ, ನಾನು ಸ್ಕೂಟರ್ ಡಿಕ್ಕೀಲಿ ಹಾಕಿ ಬೀಗ ಹಾಕ್ತಿದ್ದೆ.

ಪೇರಿಂಗ್, ಅಂದ್ರೆ ಯಾರಿಗೆ ಯಾರು ಎದುರಾಳಿ ಅನ್ನೋದು, ಹೇಗಾಗತ್ತೆ ಅಂತ ಗೊತ್ತಿದ್ರೆ ಅರ್ಧ ಭಯ ಹೋಗತ್ತೆ. ಸ್ವಿಸ್ ಪದ್ಧತೀಲಿ ಮೊದಲ ರೌಂಡ್‌ಗೆ ರೇಟಿಂಗ್ ಪ್ರಕಾರ ಹಾಕಿದ ಲಿಸ್ಟ್‌ನ ಎರಡು ಭಾಗ ಮಾಡಿ ಮೇಲಿನ ಅರ್ಧದವರನ್ನ ಕೆಳಗಿನ ಅರ್ಧದವರ ಜೊತೆ ಕೂರಿಸ್ತಾರೆ, ರೇಟಿಂಗ್ ಇಲ್ಲದ ನಾವು ಕೆಳಗೇ ಇರ್ತೀವಿ, ಅಂದ್ರೆ ಮೊದಲನೇ ರೌಂಡಲ್ಲೇ ಗಟ್ಟಿಗರು ಸಿಗೋದು ಗ್ಯಾರಂಟಿ. ಆಮೇಲೆ ನಮ್ಮಷ್ಟೇ ಪಾಯಿಂಟ್ ಇರೋರ ಜೊತೆ. ನಂಗೆ ಮೊದಲ ರೌಂಡಲ್ಲಿ ನೀಟಾಗಿ ಸೋಲಾಯ್ತು, ಅದು ಲೆಕ್ಕದಲ್ಲೇ ಇತ್ತು. ಇನ್ನು ಎದುರಿಗೆ ಕೂತಿರೋ ಪುಟ್ಟ ಹುಡುಗನ ಹೆಸರಿನ ಮುಂದೆ ರೇಟಿಂಗ್ ಇಲ್ಲ ಅಂತ ಹಗುರವಾಗಿ ತಗೋಬೇಡಿ. 2024ರ ಮಾರ್ಚ್‌ನಿಂದ ಫಿಡೆ ಕನಿಷ್ಠ ರೇಟಿಂಗ್‌ನ 1000ದಿಂದ 1400ಕ್ಕೆ ಏರಿಸಿದೆ, ಅಷ್ಟು ಮುಟ್ಟೋವರೆಗೂ ಹೆಸರು ಲಿಸ್ಟಿಗೆ ಬರಲ್ಲ, ಹಾಗಾಗಿ ಸುಮಾರು ಟೂರ್ನಮೆಂಟ್ ಆಡಿ ಪಳಗಿದ ಮಕ್ಕಳೂ ಅನ್‌ರೇಟೆಡ್ ಅಂತಾನೇ ಕೂತಿರ್ತಾರೆ.

ಅಂಥ ಒಬ್ಬ ಹುಡುಗನ ಜೊತೆಗೇ ಮೇಷ್ಟ್ರ ಪಾಠ ಕೈಗೆ ಬಂತು. ನಂಗೆ ಒಂದು ಆನೆ ಕಮ್ಮಿ, ಆದ್ರೆ ಅವನ ರಾಜ ಬಯಲಲ್ಲಿತ್ತು. ನನ್ನ ಕ್ವೀನ್ ಇ1ರಲ್ಲಿ ಚೆಕ್, ರಾಜ ಎಚ್2. ಎಚ್4ರಲ್ಲಿ ಚೆಕ್, ರಾಜ ವಾಪಸ್ ಜಿ1. ಅವನು ಬೇರೆ ಎಲ್ಲಿಗೂ ಹೋಗೋ ಹಾಗಿಲ್ಲ. ಬೋರ್ಡ್ ಮೇಲೆ ಒಂದೇ ಸ್ಥಿತಿ ಮೂರು ಸಲ ಬಂದ್ರೆ ಡ್ರಾ ಕೇಳಬಹುದು. ಆನ್‌ಲೈನಲ್ಲಾದ್ರೆ ಎಷ್ಟೋ ಕಡೆ ಮೂರು ಸಲ ಬಂದಿದೆ ಅಂತ ಆ್ಯಪೇ ನೋಡ್ಕೊಳತ್ತೆ, ಇಲ್ಲಿ ನಾವೇ ಕ್ಲೇಮ್ ಮಾಡ್ಬೇಕು, ಅದಕ್ಕೂ ಕ್ರಮ ಇದೆ. ಮೂರನೇ ಸಲ ಬರಿಸೋ ಮೂವ್‌ನ ಆಡ್ಬಾರ್ದು, ಕಾಯಿ ಮುಟ್ಟದೆ ಸ್ಕೋರ್‌ಶೀಟಲ್ಲಿ ಬರ್ದು, ಕ್ಲಾಕ್ ನಿಲ್ಲಿಸಿ, ಅರ್ಬಿಟರ್‌ನ ಕರೀಬೇಕು. ಬರ್ದೆ, ನಿಲ್ಲಿಸ್ದೆ, ಕೈ ಎತ್ತಿದೆ.

ಹುಡುಗ ಪಿಸುದನೀಲಿ, "ಅಂಕಲ್, ನೀವು ಮೂವೇ ಆಡಿಲ್ವಲ್ಲ?"

ಅರ್ಬಿಟರ್ ಬಂದು ಇಬ್ಬರ ಶೀಟೂ ತಗೊಂಡು, ಪೆನ್ ತುದೀಲಿ ಒಂದೊಂದೇ ಸಾಲು ಹಿಂದಕ್ಕೆ ಹೋಗಿ ಹೋಲಿಸಿದ್ರು. "ಆಡ್ಬಾರ್ದು ಪುಟ್ಟಾ, ಇವರು ಮಾಡಿದ್ದೇ ಸರಿ. ಡ್ರಾ." ಕ್ಲೇಮ್ ತಪ್ಪಾಗಿದ್ರೆ ಅವನಿಗೆ ಎರಡು ನಿಮಿಷ ಸೇರ್ತಿತ್ತು, ಆಟ ಮುಂದುವರೀತಿತ್ತು, ನಾನು ಬರ್ದ ಮೂವ್‌ನೇ ಆಡ್ಬೇಕಿತ್ತು. ನನ್ನ ಶೀಟಲ್ಲಿ ಒಂದು ಸಾಲು ಬಿಟ್ಟುಹೋಗಿದ್ರೂ ಸಾಬೀತು ಮಾಡೋದು ಕಷ್ಟ ಆಗ್ತಿತ್ತು.

ಹುಡುಗ ಸೈನ್ ಹಾಕಿ ಎದ್ದೋನು ಹೋಗ್ಲಿಲ್ಲ, ಹೊರಗಡೆ ಬೆಂಚ್ ಮೇಲೆ ಬೋರ್ಡ್ ಹಾಸಿ "ಬನ್ನಿ ಅಂಕಲ್, ಆನೆ ಹೆಂಗ್ ಹೋಯ್ತು ನೋಡೋಣ" ಅಂದ. ಇಂಥ ಅನಾಲಿಸಿಸ್‌ಗೆ ಯಾರಾದ್ರೂ ಕರೆದ್ರೆ ಎಷ್ಟೇ ಸುಸ್ತಾಗಿದ್ರೂ ಹೋಗಿ, ಚೆಸ್ ಎಂಜಿನ್ (ಮೂವ್ ಲೆಕ್ಕ ಹಾಕೋ ಸಾಫ್ಟ್‌ವೇರ್) ಹೇಳದೇ ಇರೋದು ಅಲ್ಲಿ ಸಿಗತ್ತೆ, ಎದುರಿನವನು ಯಾವುದಕ್ಕೆ ಹೆದರಿದ್ದ ಅನ್ನೋದು. ಸ್ಕೋರ್‌ಶೀಟ್‌ನ ಒರಿಜಿನಲ್ ಅರ್ಬಿಟರ್‌ಗೆ ಕೊಟ್ಟು ಕಾರ್ಬನ್ ಕಾಪಿ ನಾವಿಟ್ಕೋಬಹುದು, ಅವತ್ತೇ ರಾತ್ರಿ ಲಿಚೆಸ್‌ಗೆ ಹಾಕ್ಬಿಡಿ, ವಾರ ಬಿಟ್ರೆ ನಮ್ಮ ಅಕ್ಷರ ನಮಗೇ ಓದೋಕಾಗಲ್ಲ. ಮಲಗೋಕ್ ಮುಂಚೆ ಚೆಸ್-ರಿಸಲ್ಟ್ಸ್ ವೆಬ್‌ಸೈಟಲ್ಲಿ ನಿಮ್ಮ ರಿಸಲ್ಟ್ ಸರಿಯಾಗಿ ಹತ್ತಿದೆಯಾ ನೋಡಿ, ಇಲ್ಲಾಂದ್ರೆ ಮುಂದಿನ ಪೇರಿಂಗ್ ಹಾಕೋಷ್ಟ್ರಲ್ಲಿ ಅರ್ಬಿಟರ್‌ಗೆ ಹೇಳಿ.